ಊರಿನ ಕಾಡಿಗೂ ಅರ್ಜಿ ಹಾಕಿ: ಅರಣ್ಯ ಹಕ್ಕಿನ ನಮೂನೆ ಸಿ ತುಂಬುವ ಬಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅರಣ್ಯ ಹಕ್ಕು ಅಂದ ಕೂಡಲೇ ಮಾತು ಅತಿಕ್ರಮಣದ ಜಾಗಕ್ಕೆ ಹೋಗುತ್ತದೆ. ಅರ್ಧ ಎಕರೆ ಅಡಿಕೆ ತೋಟ, ಹತ್ತು ಗುಂಟೆ ಗದ್ದೆ, ಒಂದು ಹೆಂಚಿನ ಮನೆ. ಅದಕ್ಕೆ ಜಿಪಿಎಸ್ ಆಯ್ತಾ, ಪಟ್ಟಾ ಬಂತಾ, ಅರ್ಜಿ ತಿರಸ್ಕಾರ ಆಯ್ತಾ ಅಂತ ವಿಚಾರಿಸುತ್ತಾರೆ. ಹತ್ತಾರು ಸಾವಿರ ಕುಟುಂಬಗಳ ಬದುಕು ಅದರ ಮೇಲೆ ನಿಂತಿದೆ, ಹಾಗಾಗಿ ಇದು ಸಹಜ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಹಕ್ಕು ಇದೆ. ಊರಿನವರೆಲ್ಲ ಸೇರಿ ತಮ್ಮ ಊರಿನ ಕಾಡನ್ನು ಕಾಯುವ, ಬೆಳೆಸುವ, ನೋಡಿಕೊಳ್ಳುವ ಹಕ್ಕು. ಅದರ ಮಾತು ನಮ್ಮಲ್ಲಿ ತೀರಾ ಕಡಿಮೆ.

ವೈಯಕ್ತಿಕ ಅರ್ಜಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಅದರ ಜೊತೆಗೆ ಇದನ್ನೂ ಹಾಕಿ ಅಂತ ಹೇಳುತ್ತಿದ್ದೇನೆ. ತೋಟಕ್ಕೆ ಪಟ್ಟಾ ಸಿಕ್ಕರೂ ಸೊಪ್ಪು, ದರಕು (ಉದುರಿದ ಒಣ ಎಲೆ), ಮೇವು, ನೀರು ಬರುವುದು ಸುತ್ತಲಿನ ಕಾಡಿನಿಂದಲೇ. ಆ ಕಾಡಿನ ವಿಷಯದಲ್ಲಿ ಊರಿಗೆ ಮಾತೇ ಇಲ್ಲದಿದ್ದರೆ ತೋಟದ ಕಾಗದ ಇಟ್ಟುಕೊಂಡು ಎಷ್ಟು ದಿನ ನಡೆಯುತ್ತದೆ?

ಇದು ನ್ಯಾಯದ ಪ್ರಶ್ನೆಯೂ ಹೌದು. ಬ್ರಿಟಿಷರ ಕಾಲದಲ್ಲಿ ಕುಮರಿ ಬೇಸಾಯಕ್ಕೆ, ಅಂದರೆ ಗುಡ್ಡದ ಕಾಡು ಸವರಿ ಸುಟ್ಟು ಜಾಗ ಬದಲಿಸುತ್ತಾ ಮಾಡುವ ಬೇಸಾಯಕ್ಕೆ, ತಡೆ ಬಿತ್ತು. ಕುಣಬಿ, ಹಾಲಕ್ಕಿ ಜನ ತಮ್ಮದೇ ಗುಡ್ಡದಲ್ಲಿ ತಪ್ಪಿತಸ್ಥರಾದರು. ಆಮೇಲೆ ಅಣೆಕಟ್ಟೆಗಳು ಬಂದವು, ಸೂಪಾದಲ್ಲಿ ಹಳೆಯ ಪೇಟೆಯೇ ಮುಳುಗಿತು. ಕೈಗಾ ಅಣು ವಿದ್ಯುತ್ ಸ್ಥಾವರ ಬಂತು, ಕಾರವಾರದ ಕಡೆ ಸೀಬರ್ಡ್ ನೌಕಾನೆಲೆ ಬಂತು. ಪ್ರತಿ ಸಲವೂ ಎದ್ದು ಹೋದವರು ಹೆಚ್ಚಾಗಿ ಕಾಗದ ಪತ್ರ ಇಲ್ಲದ ಜನ. ಇನ್ನೊಂದು ಕಡೆ, 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಜನ ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದರು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಮಾಡುತ್ತಲೇ ಸಾವಿರಾರು ಗಿಡ ಬೆಳೆಸಿದರು, ಪದ್ಮಶ್ರೀ ಪಡೆದರು. ಕಾಡು ಉಳಿಸಲು ಜನರನ್ನು ಹೊರಗಿಡಬೇಕು ಅನ್ನುವವರು ಇವೆರಡನ್ನೂ ಸ್ವಲ್ಪ ನೆನಪು ಮಾಡಿಕೊಳ್ಳಬೇಕು.

2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಅರಣ್ಯವಾಸಿಗಳಿಗೆ ಆದದ್ದು ಐತಿಹಾಸಿಕ ಅನ್ಯಾಯ ಅಂತ ಒಪ್ಪಿಕೊಂಡಿದೆ. ಅದು ಜಾರಿಗೆ ಬಂದದ್ದು 2007ರ ಡಿಸೆಂಬರ್ 31ರಂದು. ನಿಯಮಗಳು 2008ರಲ್ಲಿ ಬಂದವು, 2012ರಲ್ಲಿ ಸಾಕಷ್ಟು ತಿದ್ದುಪಡಿ ಆದವು. ಕೆಳಗೆ ನಾನು ಹೇಳುವುದರಲ್ಲಿ ಹೆಚ್ಚಿನದು ಆ 2012ರ ತಿದ್ದುಪಡಿಯಿಂದ ಬಂದದ್ದು. ಹಳೆಯ ನಿಯಮದ ಪ್ರತಿ ಇಟ್ಟುಕೊಂಡು ಕೂತ ಕಚೇರಿಗಳೂ ಇವೆ, ಹಾಗಾಗಿ ತಿದ್ದುಪಡಿಯ ಪ್ರತಿಯನ್ನು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದೇ ಹೋಗಿ.

ಮೊದಲು ಮೂರು ನಮೂನೆಗಳ ವ್ಯತ್ಯಾಸ

ನಮೂನೆ ಎ ವೈಯಕ್ತಿಕ ಹಕ್ಕಿಗೆ. 2005ರ ಡಿಸೆಂಬರ್ 13ಕ್ಕಿಂತ ಮುಂಚೆಯಿಂದ ವಾಸ ಅಥವಾ ಸಾಗುವಳಿ ಇರುವ ಜಾಗ, ಗರಿಷ್ಠ 4 ಹೆಕ್ಟೇರ್. ಆ ದಿನದ ನಂತರ ಕಡಿದು ಹೊಸದಾಗಿ ಮಾಡಿದ ಜಾಗಕ್ಕೆ ಈ ಕಾನೂನು ರಕ್ಷಣೆ ಕೊಡುವುದಿಲ್ಲ. ಯಾರಾದರೂ ಕೊಡುತ್ತದೆ ಅಂದರೆ ನಂಬಬೇಡಿ.

ನಮೂನೆ ಬಿ ಸಮುದಾಯದ ಬಳಕೆಯ ಹಕ್ಕಿಗೆ. ಕಟ್ಟಿಗೆ, ಮೇವು, ಕಿರು ಅರಣ್ಯ ಉತ್ಪನ್ನ, ದನ ಮೇಯಿಸುವುದು, ಹೊಳೆ ಕೆರೆಯ ಮೀನು, ಔಷಧಿ ಗಿಡ ಎಲ್ಲ ಇದರಲ್ಲಿ ಬರುತ್ತವೆ. ಕಿರು ಉತ್ಪನ್ನ ಅಂದರೆ ಜೇನು, ಮೇಣ, ಗೆಡ್ಡೆ ಗೆಣಸುಗಳ ಜೊತೆಗೆ ಬಿದಿರು ಮತ್ತು ಬೆತ್ತವೂ ಸೇರಿವೆ.

ನಮೂನೆ ಸಿ ಈ ಲೇಖನದ ಮುಖ್ಯ ವಿಷಯ. ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು ಅಂತ ಅದರ ಹೆಸರು. ಊರು ರೂಢಿಯಿಂದ ಬಳಸುತ್ತಾ ಕಾಯುತ್ತಾ ಬಂದ ಪೂರ್ತಿ ಕಾಡಿನ ಮೇಲೆ ಗ್ರಾಮಸಭೆಗೆ ನಿರ್ವಹಣೆಯ ಅಧಿಕಾರ. ಇದಕ್ಕೆ 4 ಹೆಕ್ಟೇರ್ ಮಿತಿ ಇಲ್ಲ. ಮೀಸಲು ಅರಣ್ಯ ಆಗಿರಲಿ, ಅಭಯಾರಣ್ಯ ಆಗಿರಲಿ, ರಾಷ್ಟ್ರೀಯ ಉದ್ಯಾನವೇ ಆಗಿರಲಿ, ಅರ್ಜಿ ಹಾಕಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಹಕ್ಕುಪತ್ರ ಸಿಕ್ಕಿತು. ಮಹಾರಾಷ್ಟ್ರದ ಗಡಚಿರೋಲಿಯ ಮೆಂಢಾ ಲೇಖಾ ಅನ್ನುವ ಚಿಕ್ಕ ಊರು 2009ರಲ್ಲಿ ಈ ಹಕ್ಕು ಪಡೆದು, 2011ರಿಂದ ತನ್ನ ಬಿದಿರನ್ನು ತಾನೇ ಮಾರುತ್ತಿದೆ.

ಹಂತ 1: ನೀವು ಕಾನೂನಿನ ಯಾವ ಸಾಲಿನಲ್ಲಿದ್ದೀರಿ?

ಪರಿಶಿಷ್ಟ ಪಂಗಡ ಮತ್ತು ಇತರೆ ಪಾರಂಪರಿಕ ಅರಣ್ಯವಾಸಿಗಳು ಅಂತ ಎರಡು ಸಾಲು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದೇ ವರ್ಷ ಗಡಿಯಾಚೆ ಗೋವಾದ ಕುಣಬಿಗಳೂ ಸೇರಿದರು. ಈಚೆ ಜೋಯಿಡಾದ ಕುಣಬಿಗಳು ಮಾತ್ರ ಸೇರಲಿಲ್ಲ. ಒಂದೇ ಜನ, ಒಂದೇ ಕಾಡು, ನಡುವೆ ರಾಜ್ಯದ ಗೆರೆ. ಹಾಲಕ್ಕಿ ಒಕ್ಕಲಿಗರದ್ದೂ ಗೌಳಿಗಳದ್ದೂ ಇದೇ ಕಥೆ. ವರ್ಷಗಟ್ಟಲೆ ಕೇಳುತ್ತಲೇ ಇದ್ದಾರೆ.

ಹಾಗಾಗಿ ನಮ್ಮ ಜಿಲ್ಲೆಯ ಬಹುತೇಕ ಅರಣ್ಯವಾಸಿಗಳು ಎರಡನೇ ಸಾಲಿನಲ್ಲಿ ಬರುತ್ತಾರೆ. ಅವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ರ ಡಿಸೆಂಬರಿಗೆ ಹೋಗುತ್ತದೆ. ಇಲ್ಲೇ ಜಾಸ್ತಿ ಅರ್ಜಿಗಳು ತಿರಸ್ಕಾರ ಆಗುವುದು. ಒಂದು ಮಾತು ಗಟ್ಟಿಯಾಗಿ ನೆನಪಿಡಿ: 75 ವರ್ಷ ತೋರಿಸಬೇಕಾದ್ದು ಕಾಡನ್ನು ನಂಬಿ ಆ ಭಾಗದಲ್ಲಿ ವಾಸ ಮಾಡಿದ್ದಕ್ಕೆ. ಅದೇ ಗುಂಟೆ ಜಾಗದಲ್ಲಿ 75 ವರ್ಷ ಸಾಗುವಳಿ ಮಾಡಿರಬೇಕು ಅಂತ ಕಾನೂನು ಹೇಳುವುದಿಲ್ಲ. ಜಾಗದ ಸಾಗುವಳಿಗೆ ಬೇಕಾದ ದಿನಾಂಕ 2005ರದ್ದು.

ನಮೂನೆ ಸಿಗೆ ಇನ್ನೂ ಒಂದು ಅನುಕೂಲ ಇದೆ. ಊರಿನ ಎಲ್ಲರೂ ಅರಣ್ಯವಾಸಿ ಅಂತ ಸಾಬೀತು ಮಾಡಬೇಕಾಗಿಲ್ಲ. ಸದಸ್ಯರ ಪಟ್ಟಿಯಲ್ಲಿ ಯಾರು ಪರಿಶಿಷ್ಟ ಪಂಗಡ, ಯಾರು ಪಾರಂಪರಿಕ ಅರಣ್ಯವಾಸಿ ಅಂತ ಹೆಸರಿನ ಮುಂದೆ ಬರೆಯಬೇಕು. ಕೆಲವರು ಇದ್ದರೂ ಅರ್ಜಿ ಹಾಕಲು ಸಾಕು ಅಂತ ನಮೂನೆಯಲ್ಲೇ ಬರೆದಿದೆ. ಊರಿನಲ್ಲಿ ನಾಲ್ಕು ಸಿದ್ದಿ ಮನೆ ಇದ್ದರೆ ಅವರಿಂದಾಗಿ ಇಡೀ ಊರಿನ ಅರ್ಜಿಗೆ ಬಲ ಬರುತ್ತದೆ. ಆ ನಾಲ್ಕು ಮನೆಯವರನ್ನು ಸಹಿ ಹಾಕಿಸಿ ಹಿಂದೆ ಕೂರಿಸುವ ಕೆಲಸ ಮಾತ್ರ ಆಗಬಾರದು. ಅವರೇ ಮುಂದೆ ನಿಲ್ಲಬೇಕು.

ಹಂತ 2: ನಿಮ್ಮ ಕೇರಿಯ ಸಭೆ, ನಿಮ್ಮ ಸಮಿತಿ

ಪಂಚಾಯತಿ ಮಟ್ಟದ ದೊಡ್ಡ ಸಭೆಯಲ್ಲಿ ಈ ಕೆಲಸ ಆಗುವುದಿಲ್ಲ. ಹತ್ತು ಊರಿನವರು ಸೇರುವ ಕಡೆ ನಿಮ್ಮ ಗುಡ್ಡದ ವಿಷಯ ಕೇಳುವವರು ಯಾರು? ಮಜರೆ, ಕೊಪ್ಪ, ಗೌಳಿವಾಡಾ ಹೀಗೆ ಚಿಕ್ಕ ಚಿಕ್ಕ ನೆಲೆಗಳನ್ನು ಗುರುತಿಸಿ ಪಟ್ಟಿ ಮಾಡುವುದಕ್ಕೆ 2012ರ ನಿಯಮದಲ್ಲಿ ಅವಕಾಶ ಇದೆ. ಪಟ್ಟಿಯಲ್ಲಿ ನಿಮ್ಮ ನೆಲೆ ಇಲ್ಲದಿದ್ದರೆ ಪಿಡಿಒ ಅವರಿಗೆ ಲಿಖಿತ ಮನವಿ ಕೊಡಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ.

ಸಭೆಯಲ್ಲಿ ಅರಣ್ಯ ಹಕ್ಕು ಸಮಿತಿ ಆರಿಸಬೇಕು. 10ರಿಂದ 15 ಜನ. ಮೂರರಲ್ಲಿ ಒಂದು ಪಾಲಾದರೂ ಹೆಂಗಸರು. ಪರಿಶಿಷ್ಟ ಪಂಗಡದವರು ಇರುವ ಊರಿನಲ್ಲಿ ಮೂರರಲ್ಲಿ ಎರಡು ಪಾಲು ಅವರು. ಸಮಿತಿಯೇ ಅಧ್ಯಕ್ಷರನ್ನು, ಕಾರ್ಯದರ್ಶಿಯನ್ನು ಆರಿಸಿ ಉಪವಿಭಾಗ ಮಟ್ಟದ ಸಮಿತಿಗೆ ತಿಳಿಸಬೇಕು. ಅನೇಕ ಕಡೆ ಹದಿನೈದು ವರ್ಷದ ಹಿಂದೆ ಮಾಡಿದ ಸಮಿತಿ ಕಾಗದದಲ್ಲಿ ಮಾತ್ರ ಉಳಿದಿರುತ್ತದೆ, ಅರ್ಧ ಸದಸ್ಯರು ತೀರಿಕೊಂಡಿರುತ್ತಾರೆ. ಅಂಥ ಕಡೆ ಮೊದಲು ಸಭೆ ಕರೆದು ಹೊಸದಾಗಿ ಆರಿಸಿ.

ಇದನ್ನು ಗ್ರಾಮ ಅರಣ್ಯ ಸಮಿತಿಯ ಜೊತೆ ಬೆರೆಸಬೇಡಿ. ಗ್ರಾಮ ಅರಣ್ಯ ಸಮಿತಿ ಅರಣ್ಯ ಇಲಾಖೆಯ ಯೋಜನೆಯಿಂದ ಬಂದದ್ದು. ಅರಣ್ಯ ಹಕ್ಕು ಸಮಿತಿ ನಿಮ್ಮ ಗ್ರಾಮಸಭೆಯದ್ದು. 'ನಿಮ್ಮೂರಲ್ಲಿ ಆಗಲೇ ಸಮಿತಿ ಇದೆಯಲ್ಲ' ಅಂತ ಯಾರಾದರೂ ಅಂದರೆ, ಯಾವ ಸಮಿತಿ ಅಂತ ಕೇಳಿ.

ಕೋರಂ ಬಗ್ಗೆ ಎಚ್ಚರ. ಗ್ರಾಮಸಭೆಯ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನ ಇರಬೇಕು. ಬಂದವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು ಇರಬೇಕು. ಹಕ್ಕಿನ ಅರ್ಜಿ ಬಗ್ಗೆ ಠರಾವು ಮಾಡುವಾಗ ಅರ್ಜಿದಾರರಲ್ಲಿ ಅರ್ಧದಷ್ಟಾದರೂ ಜನ ಅಥವಾ ಅವರ ಪರವಾಗಿ ಬಂದವರು ಇರಬೇಕು. ಕೊಯ್ಲಿನ ಟೈಮಿನಲ್ಲಿ, ಅಡಿಕೆ ಸುಲಿಯುವ ದಿನಗಳಲ್ಲಿ ಸಭೆ ಇಟ್ಟರೆ ಕೋರಂ ಆಗುವುದಿಲ್ಲ. ಸಂಜೆ ಹೊತ್ತು ಇಡಿ. ಹೆಂಗಸರಿಗೆ ಯಾವ ಹೊತ್ತು ಅನುಕೂಲ ಅಂತ ಅವರನ್ನೇ ಕೇಳಿ.

ಹಂತ 3: ಪುರಾವೆ ಹುಡುಕುವುದು

ಬಹಳ ಜನ ಹೆದರುವ ಜಾಗ ಇದು. ಹೆದರಬೇಕಾಗಿಲ್ಲ. ನಿಯಮ 13 ಪುರಾವೆಗಳ ಉದ್ದ ಪಟ್ಟಿ ಕೊಟ್ಟಿದೆ, ಅದರಲ್ಲಿ ಎರಡು ಬಗೆಯ ಪುರಾವೆ ಇದ್ದರೆ ಸಾಕು. ಇಂಥದ್ದೇ ದಾಖಲೆ ತನ್ನಿ ಅಂತ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಒತ್ತಾಯ ಮಾಡುವ ಹಾಗಿಲ್ಲ. ಉಪಗ್ರಹ ಚಿತ್ರ ಬೇರೆ ಪುರಾವೆಗೆ ಪೂರಕ ಮಾತ್ರ. ಅದರಲ್ಲಿ ಕಾಣಲಿಲ್ಲ ಅಂತ ಅರ್ಜಿ ತಳ್ಳುವಂತಿಲ್ಲ. ನಮ್ಮ ಕಡೆ ಮರದ ನೆರಳಿನ ಕೆಳಗಿನ ಕಾಳುಮೆಣಸು, ಅಡಿಕೆ ಮೇಲಿನಿಂದ ನೋಡಿದರೆ ಕಾಡಿನ ಹಾಗೇ ಕಾಣುತ್ತವೆ ಅಲ್ವಾ? ಅದನ್ನು ಹೇಳಿ, ಬರೆದೂ ಕೊಡಿ.

ಪುರಾವೆಗಳ ಪಟ್ಟಿಯಲ್ಲಿ ಗೆಜೆಟಿಯರ್ ಇದೆ. ಇದು ನಮಗೆ ದೊಡ್ಡ ಆಸರೆ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿ ಪ್ರಾಂತದ ಗೆಜೆಟಿಯರಿನ 15ನೇ ಸಂಪುಟ ಪೂರ್ತಿ ಕೆನರಾ ಜಿಲ್ಲೆಯ ಬಗ್ಗೆ, ಅಚ್ಚಾದದ್ದು 1883ರಲ್ಲಿ. ಹಾಲಕ್ಕಿ, ಕುಣಬಿ, ಗೌಳಿ, ಸಿದ್ದಿ ಸಮುದಾಯಗಳ ಬಗ್ಗೆ ಅದರಲ್ಲಿ ಬರೆದಿದೆ. 1930ಕ್ಕಿಂತ ಸುಮಾರು ಐವತ್ತು ವರ್ಷ ಹಿಂದಿನ ಸರ್ಕಾರಿ ದಾಖಲೆ ಅದು. ನಿಮ್ಮ ಸಮುದಾಯದ ಪುಟಗಳ ನಕಲು ತೆಗೆದು ಸೇರಿಸಿ.

ಇನ್ನು ಊರಿನಲ್ಲೇ ಸಿಗುವ ಪುರಾವೆಗಳು. ಅಜ್ಜನ ಶಾಲೆ ದಾಖಲೆ, ಜನನ ಮರಣ ನೋಂದಣಿ, ಹಳೆಯ ಮತದಾರರ ಪಟ್ಟಿ, ರೇಷನ್ ಕಾರ್ಡು, ಮನೆ ಕರದ ರಶೀದಿ. ಇಲಾಖೆ ಹಾಕಿದ ಅತಿಕ್ರಮಣದ ಕೇಸಿನ ಕಾಗದವನ್ನೂ ಬಿಸಾಡಬೇಡಿ. ಅದರಲ್ಲಿ ದಿನಾಂಕ ಇರುತ್ತದೆ, ನೀವು ಅಲ್ಲಿ ಇದ್ದಿರಿ ಅಂತ ಸರ್ಕಾರವೇ ಬರೆದಿರುತ್ತದೆ. ಕಾಗದ ಇಲ್ಲದವರಿಗೆ ನೆಲದ ಮೇಲಿನ ಗುರುತುಗಳಿವೆ: ಹಳೆಯ ಮನೆಯ ಪಂಚಾಂಗ (ಅಡಿಪಾಯ), ಗದ್ದೆ ಬದು, ಒಡ್ಡು, ಬಾವಿ, ಸಮಾಧಿ, ದೇವರ ಬನ. ಚೌಡಿ, ಜಟಗ, ಹುಲಿದೇವರ ಕಲ್ಲುಗಳಿಗೆ ಈ ಕಾನೂನಿನಲ್ಲಿ ಪುರಾವೆಯ ಬೆಲೆ ಇದೆ. ಪವಿತ್ರ ಮರ, ಬನ, ಕೆರೆ, ಸ್ಮಶಾನ ಅಂತ ನಿಯಮ ಹೆಸರಿಟ್ಟೇ ಹೇಳುತ್ತದೆ. ಪ್ರತಿಯೊಂದರ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಬ್ಬರು ಹಿರಿಯರನ್ನು ನಿಲ್ಲಿಸಿ, ಹಿಂದೆ ಗುಡ್ಡವೋ ಹಳ್ಳವೋ ಕಾಣುವ ಹಾಗೆ ತೆಗೆಯಿರಿ. ಬರೀ ಕಲ್ಲಿನ ಫೋಟೋ ಇದ್ದರೆ ಅದು ಎಲ್ಲಿಯದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹಿರಿಯರ ಹೇಳಿಕೆಯೂ ಒಂದು ಪುರಾವೆ. ಅದು ಅರ್ಜಿದಾರರಲ್ಲದ ಹಿರಿಯರದ್ದಾಗಿರಬೇಕು, ಬರವಣಿಗೆಯಲ್ಲಿ ಇರಬೇಕು. ಊರಿನ ಅರ್ಜಿಗೆ ಪಕ್ಕದ ಊರಿನ ಹಿರಿಯರಿಂದ ತಂದರೆ ಬಲ ಜಾಸ್ತಿ. ಹಾಲಕ್ಕಿಗಳಲ್ಲಿ ಗೌಡ, ಬುದವಂತ, ಕೋಲಕಾರ ಅನ್ನುವ ಸ್ಥಾನಗಳಿವೆ. ಸೀಮೆಯ ಗೌಡರ ಹೇಳಿಕೆಗೆ ತೂಕ ಇದೆ, ಅವರ ಸ್ಥಾನವನ್ನೂ ಹೆಸರಿನ ಜೊತೆ ಬರೆಯಿಸಿ. 'ತಲತಲಾಂತರದಿಂದ ಇದ್ದಾರೆ' ಅಂತ ಒಂದು ಸಾಲು ಬರೆದು ಹೆಬ್ಬೆಟ್ಟು ಒತ್ತಿಸಿದರೆ ಉಪಯೋಗ ಇಲ್ಲ. ಹೀಗೆ ಬರೆಯಿಸಿ:

'ನನಗೀಗ ಎಂಬತ್ತು ದಾಟಿದೆ. ನಾನು ಪಕ್ಕದ ಕೊಪ್ಪದವಳು. ನಾನು ಮದುವೆಯಾಗಿ ಬಂದಾಗ ಈ ಊರಿನಲ್ಲಿ ಹನ್ನೊಂದು ಮನೆ ಇದ್ದವು. ನಮ್ಮ ಅತ್ತೆ ಚಿಕ್ಕವರಿದ್ದಾಗಲೂ ಇವರ ಹಿರಿಯರು ಇಲ್ಲೇ ಇದ್ದರು ಅಂತ ಅವರ ಬಾಯಿಂದ ಕೇಳಿದ್ದೇನೆ. ಜಟಗನ ಬನದಿಂದ ಕೆಳಗೆ ಹಳ್ಳದವರೆಗೆ ದರಕು ಗುಡಿಸುವುದು ಈ ಊರಿನವರು, ಹಳ್ಳ ದಾಟಿದರೆ ನಮ್ಮೂರಿನವರು. ಬನದ ಒಳಗೆ ಯಾರೂ ಕತ್ತಿ ಹಾಕುವುದಿಲ್ಲ.'

ಈ ಮಾದರಿಯಲ್ಲಿ ಕಾಲ ಇದೆ, ಗಡಿ ಇದೆ, ಬಳಕೆ ಇದೆ, ಕಟ್ಟುಪಾಡೂ ಇದೆ. ಹೇಳುವವರ ಬಾಯಿಂದ ಬಂದದ್ದನ್ನು ಹಾಗೇ ಬರೆದುಕೊಳ್ಳಿ, ಓದಿ ಹೇಳಿ, ಆಮೇಲೆ ಸಹಿ ಪಡೆಯಿರಿ.

ಹಂತ 4: ಗಡಿ ನಡೆಯುವುದು

ನಮೂನೆ ಸಿ ಅಂದರೆ ಅರ್ಧ ಕೆಲಸ ನಕಾಶೆಯದ್ದೇ. ಮಳೆಗಾಲದಲ್ಲಿ ಉಂಬಳದ ಕಾಟ, ದೀಪಾವಳಿ ಕಳೆದ ಮೇಲೆ ಹೊರಡಿ. ಮೊದಲು ಅಂಗಳದಲ್ಲಿ ಎಲ್ಲರೂ ಕೂತು ದೊಡ್ಡ ಕಾಗದದ ಮೇಲೆ ಗೆರೆ ಎಳೆಯಿರಿ. ಹಳ್ಳ, ದಾರಿ, ಬನ, ದೊಡ್ಡ ಬಂಡೆ, ಹಳೆಯ ಮಾವಿನಮರ, ದನ ನೀರು ಕುಡಿಯುವ ಗುಂಡಿ. ಗಂಡಸರು ಸಾಮಾನ್ಯವಾಗಿ ದಾರಿ ಮತ್ತು ಗಡಿ ಹೇಳುತ್ತಾರೆ. ಬೇಸಿಗೆಯಲ್ಲೂ ಬತ್ತದ ಒರತೆ ಎಲ್ಲಿದೆ, ಯಾವ ಕೊಡ್ಲಿನಲ್ಲಿ (ಕಣಿವೆಯಲ್ಲಿ) ಯಾವ ಗೆಡ್ಡೆ ಸಿಗುತ್ತದೆ ಅನ್ನುವುದು ಹೆಂಗಸರಿಗೆ ಗೊತ್ತು. ಜೋಯಿಡಾ ಕಡೆಯ ಕುಣಬಿ ಹೆಂಗಸರನ್ನು ಕೇಳಿದರೆ ಗೆಡ್ಡೆ ಗೆಣಸಿನ ಪಟ್ಟಿಯೇ ಒಂದು ಪುಟ ತುಂಬುತ್ತದೆ. ಅದನ್ನು ನಮೂನೆ ಬಿಗೆ ಸೇರಿಸಿ.

ಆಮೇಲೆ ಗಡಿಯ ಮೇಲೆ ನಡೆಯಿರಿ. ಒಬ್ಬರು ಫೋನಿನಲ್ಲಿ ಜಿಪಿಎಸ್ ಗುರುತು ಹಾಕುತ್ತಾ ಬರಲಿ, ಇನ್ನೊಬ್ಬರು ನೋಟ್‌ಬುಕ್ಕಿನಲ್ಲಿ ಜಾಗದ ಹೆಸರು ಬರೆಯಲಿ. ಊರಿನವರು ಕರೆಯುವ ಹೆಸರನ್ನೇ ಬರೆಯಿರಿ. ಪಕ್ಕದ ಊರಿನಿಂದ ಇಬ್ಬರನ್ನು ಕರೆದುಕೊಂಡು ಹೋಗಿ. ಗಡಿ ತಕರಾರು ಬಂದರೆ ಎರಡೂ ಊರಿನ ಸಭೆ ಒಟ್ಟಿಗೆ ಕೂತು ತೀರ್ಮಾನ ಮಾಡುವುದಕ್ಕೆ ನಿಯಮ ಇದೆ. ಎರಡೂ ಊರು ಬಳಸುವ ಭಾಗ ಇದ್ದರೆ ಹಾಗಂತಲೇ ಬರೆಯಿರಿ. ಗೌಳಿಗಳು ಒಂದೊಂದು ಕಾಲದಲ್ಲಿ ದನ, ಎಮ್ಮೆ ಹೊಡೆದುಕೊಂಡು ಬರುವ ಜಾಗ ನಿಮ್ಮ ಗಡಿಯೊಳಗೆ ಇದ್ದರೆ ಅದನ್ನು ಬಿಡಬೇಡಿ. ದನಗಾಹಿಗಳ ಅರ್ಜಿಯನ್ನು ಅವರು ಊರಿನಲ್ಲಿ ಇರುವ ಕಾಲಕ್ಕೇ ಪರಿಶೀಲನೆ ಮಾಡಬೇಕು ಅಂತ ನಿಯಮ ಹೇಳುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ವಿಷಯ ಬರುತ್ತದೆ. ತೋಟಿಗರಿಗೆ ಬೆಟ್ಟದ ಸವಲತ್ತು ದಾಖಲೆಯಲ್ಲೇ ಇದೆ. ಅದೇ ಬೆಟ್ಟದಲ್ಲಿ ತೋಟ ಇಲ್ಲದವರೂ ಕಟ್ಟಿಗೆ ಆರಿಸುತ್ತಾರೆ, ದನ ಬಿಡುತ್ತಾರೆ. ಇದನ್ನು ಮುಚ್ಚಿಟ್ಟು ನಕಾಶೆ ಮಾಡಿದರೆ ನಾಳೆ ಊರೇ ಒಡೆಯುತ್ತದೆ. ಬೆಟ್ಟ ಯಾರದ್ದು, ಯಾರು ಏನು ಬಳಸುತ್ತಾರೆ ಎರಡನ್ನೂ ಸಭೆಯಲ್ಲಿ ಮಾತಾಡಿ, ಒಪ್ಪಿಗೆ ಆದದ್ದನ್ನು ಠರಾವಿನಲ್ಲಿ ಬರೆಯಿರಿ. ಇದಕ್ಕೆ ಎಷ್ಟು ಸಂಜೆ ಹೋದರೂ ಪರವಾಗಿಲ್ಲ.

ಕರಾವಳಿ ಕಡೆಯವರು ಹೊಳೆಯನ್ನು ಮರೆಯಬೇಡಿ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿ ಬಳಚು (ತಿನ್ನುವ ಚಿಪ್ಪು) ಹೆಕ್ಕಿ ಸಂಸಾರ ನಡೆಸುವ ಹೆಂಗಸರಿದ್ದಾರೆ. ಅರಣ್ಯ ಅಂತ ದಾಖಲಾದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನಿಮ್ಮ ಊರಿನ ಬಳಕೆಯಲ್ಲಿದ್ದರೆ, ಅಲ್ಲಿನ ಮೀನು, ಚಿಪ್ಪಿನ ಬಳಕೆಯನ್ನು ನಮೂನೆ ಬಿಯಲ್ಲಿ ಕೇಳಬಹುದು.

ಹಂತ 5: ನಮೂನೆ ತುಂಬುವುದು

ನಮೂನೆ ಸಿ ಚಿಕ್ಕದು. ಊರು, ಪಂಚಾಯತಿ, ತಾಲೂಕು, ಜಿಲ್ಲೆ, ಗ್ರಾಮಸಭೆ ಸದಸ್ಯರ ಪಟ್ಟಿ, ನಕಾಶೆ, ಗಡಿಗೆ ಹತ್ತಿದ ಊರುಗಳ ಹೆಸರು, ಪುರಾವೆಗಳ ಪಟ್ಟಿ. ಸರ್ವೆ ನಂಬರ್ ಅಥವಾ ಕಂಪಾರ್ಟ್‌ಮೆಂಟ್ ನಂಬರ್ ಗೊತ್ತಿದ್ದರೆ ಬರೆಯಬೇಕು. ಗೊತ್ತಿಲ್ಲ ಅಂದರೆ ಅರ್ಜಿ ನಿಲ್ಲುವುದಿಲ್ಲ. ಸಮಿತಿ ದಾಖಲೆ ಕೇಳಿದರೆ ಇಲಾಖೆ ಕೊಡಬೇಕು, ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಎಲ್ಲದಕ್ಕೂ ಪುಟ ಸಂಖ್ಯೆ ಹಾಕಿ ಮೂರು ಸೆಟ್ ಮಾಡಿ. ಒಂದು ಸೆಟ್ ಊರಿನಲ್ಲೇ ಉಳಿಯಬೇಕು.

ಹಂತ 6: ಸ್ಥಳ ಪರಿಶೀಲನೆಯ ದಿನ

ಪರಿಶೀಲನೆ ಮಾಡುವುದು ನಿಮ್ಮ ಸಮಿತಿ. ಅರಣ್ಯ ಮತ್ತು ಕಂದಾಯ ಇಲಾಖೆಯವರಿಗೆ ದಿನಾಂಕ ಮೊದಲೇ ಲಿಖಿತವಾಗಿ ತಿಳಿಸಬೇಕು. ಅವರು ಬರಬೇಕು, ಹೆಸರು, ಹುದ್ದೆ, ದಿನಾಂಕದ ಜೊತೆ ಸಹಿ ಹಾಕಬೇಕು, ಆಕ್ಷೇಪ ಇದ್ದರೆ ಅಲ್ಲೇ ಬರೆಯಬೇಕು. ಬರದಿದ್ದರೆ? ಇದು ನಮ್ಮಲ್ಲಿ ಮಾಮೂಲಿ. ಅವರು ಬರದೆ ಇದ್ದು ಆಮೇಲೆ ಸಮುದಾಯ ಅರಣ್ಯದ ಅರ್ಜಿಗೆ ತಕರಾರು ಎತ್ತಿದರೆ, ನೋಟಿಸ್ ತಲುಪಿದ್ದಕ್ಕೆ ನಿಮ್ಮ ಹತ್ತಿರ ಪುರಾವೆ ಇದ್ದರೆ, ಅರ್ಜಿ ಮತ್ತೊಮ್ಮೆ ಪರಿಶೀಲನೆಗೆ ಗ್ರಾಮಸಭೆಗೆ ಬರುತ್ತದೆ. ಎರಡನೇ ಸಲವೂ ಬರದಿದ್ದರೆ ಆ ಪರಿಶೀಲನೆಯ ಬಗ್ಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಇಡೀ ನಿಯಮದಲ್ಲಿ ಊರಿನವರ ಕೈಗೆ ಸಿಕ್ಕ ಅತಿ ಗಟ್ಟಿ ಅಂಶ ಇದು. ಆದ್ದರಿಂದ ನೋಟಿಸನ್ನು ಬಾಯಲ್ಲಿ, ಫೋನಿನಲ್ಲಿ ಹೇಳಿ ಬಿಡಬೇಡಿ. ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ, ಇಲ್ಲವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿ ರಶೀದಿ ಫೈಲಿಗೆ ಹಾಕಿ.

ಮಹಜರು ಬರೆಯುವಾಗ ಒಬ್ಬರು ಪಕ್ಕದಲ್ಲೇ ಕೂತು ಓದಿ. ಖಾಲಿ ಜಾಗ ಬಿಟ್ಟ ಹಾಳೆಗೆ ಸಹಿ ಹಾಕಬೇಡಿ.

ಹಂತ 7: ಠರಾವು, ಸಲ್ಲಿಕೆ, ತಿರಸ್ಕಾರ

ಸಮಿತಿಯ ವರದಿ ಗ್ರಾಮಸಭೆ ಮುಂದೆ ಬರಬೇಕು, ಠರಾವು ಆಗಬೇಕು. ಆಮೇಲೆ ಕಾರವಾರ, ಕುಮಟಾ, ಭಟ್ಕಳ, ಶಿರಸಿ ಇವುಗಳಲ್ಲಿ ನಿಮಗೆ ಸಂಬಂಧಪಟ್ಟ ಉಪವಿಭಾಗಾಧಿಕಾರಿ (ಎಸಿ) ಕಚೇರಿಗೆ. ಅಲ್ಲಿಂದ ಕಾರವಾರಕ್ಕೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ. ಅದರ ತೀರ್ಮಾನವೇ ಕೊನೆಯದು.

ಅರ್ಜಿಯಲ್ಲಿ ಕೊರತೆ ಕಂಡರೆ ಮೇಲಿನ ಸಮಿತಿಗಳು ನೇರ ತಿರಸ್ಕಾರ ಮಾಡಬಾರದು, ಗ್ರಾಮಸಭೆಗೆ ವಾಪಸ್ ಕಳಿಸಬೇಕು. ತಿರಸ್ಕಾರ ಮಾಡಿದರೆ ವಿವರವಾದ ಕಾರಣ ಬರೆಯಬೇಕು, ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. ತಿಳಿದ ದಿನದಿಂದ 60 ದಿನದೊಳಗೆ ಅದರ ಮೇಲಿನ ಸಮಿತಿಗೆ ಮೇಲ್ಮನವಿ ಹಾಕಬಹುದು. ಸಮಿತಿ ಮನಸ್ಸು ಮಾಡಿದರೆ ಇನ್ನೂ 30 ದಿನ ಕೊಡಬಹುದು. 'ದಾಖಲೆ ಸಾಕಾಗಿಲ್ಲ' ಅಂತ ಒಂದು ಸಾಲಿನ ಹಿಂಬರಹ ಬಂದರೆ, ಕಾರಣ ಕೊಟ್ಟಿಲ್ಲ ಅನ್ನುವುದನ್ನೇ ಮೇಲ್ಮನವಿಯ ಮೊದಲ ಅಂಶ ಮಾಡಿ. ಇನ್ನೊಂದು ವಿಷಯ: ಅರಣ್ಯವಾಸಿಗಳಿರುವ ಎಲ್ಲ ಊರಿಗೂ ಸಮುದಾಯ ಅರಣ್ಯದ ಹಕ್ಕು ಸಿಗುವ ಹಾಗೆ ನೋಡಿಕೊಳ್ಳುವುದು ಜಿಲ್ಲಾ ಸಮಿತಿಯ ಜವಾಬ್ದಾರಿ. ಒಂದು ಊರಿಗೆ ಸಿಕ್ಕಿಲ್ಲ ಅಂದರೆ ಯಾಕೆ ಸಿಕ್ಕಿಲ್ಲ ಅಂತ ಅವರು ಬರೆದಿಡಬೇಕು. ನಿಮ್ಮ ಊರಿನ ಬಗ್ಗೆ ಏನು ಬರೆದಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.

ಪ್ರಕ್ರಿಯೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಅಂತ ಕಾಯ್ದೆಯ 4(5) ಹೇಳುತ್ತದೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕಾರ ಆದವರನ್ನು ಎಬ್ಬಿಸಲು ಹೇಳಿ, ಅದೇ ತಿಂಗಳ 28ರಂದು ಆ ಆದೇಶ ತಡೆಹಿಡಿಯಿತು. ಯಾರಾದರೂ ಗಿಡ ಕೀಳಲು ಬಂದರೆ ಜಗಳಕ್ಕೆ ಇಳಿಯಬೇಡಿ. ಸ್ವೀಕೃತಿ ತೋರಿಸಿ, ಆದೇಶದ ಪ್ರತಿ ಕೇಳಿ, ವಿಡಿಯೋ ಮಾಡಿ, ಅವತ್ತೇ ಎಸಿ ಅವರಿಗೆ ಲಿಖಿತ ದೂರು ಕೊಡಿ. ಕೋರ್ಟಿಗೆ ಹೋಗಬೇಕಾದರೆ ನಮ್ಮ ಜಿಲ್ಲೆಗೆ ಧಾರವಾಡ ಹೈಕೋರ್ಟ್ ಪೀಠ. ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿದ್ದರೆ

ಒಳಗಿನ ಊರುಗಳಿಗೆ ಸ್ವಯಂಪ್ರೇರಿತ ಸ್ಥಳಾಂತರದ ಪ್ಯಾಕೇಜ್ ಬರುತ್ತದೆ. 2008ರಿಂದ ಕುಟುಂಬಕ್ಕೆ 10 ಲಕ್ಷ ಇತ್ತು, 2021ರಲ್ಲಿ 15 ಲಕ್ಷ ಆಯಿತು. ರಸ್ತೆ ಇಲ್ಲ, ಶಾಲೆ ಇಲ್ಲ, ಆಸ್ಪತ್ರೆಗೆ ಹೊತ್ತುಕೊಂಡೇ ಹೋಗಬೇಕು ಅನ್ನುವ ಕಡೆ ಕೆಲವರು ಹೊರಡಲು ಒಪ್ಪುತ್ತಾರೆ. ಅವರ ತೀರ್ಮಾನವನ್ನು ಟೀಕಿಸುವ ಹಕ್ಕು ಪೇಟೆಯಲ್ಲಿ ಕೂತ ನಮಗಿಲ್ಲ. ಆದರೆ ಕ್ರಮ ತಪ್ಪಬಾರದು.

ವನ್ಯಜೀವಿ ಕಾಯ್ದೆಯ 38ವಿ ಪ್ರಕಾರ ಮೊದಲು ಜನರ ಹಕ್ಕು ಗುರುತಿಸುವ ಕೆಲಸ ಮುಗಿದಿರಬೇಕು. ಜನರಿಂದ ಹುಲಿಗೂ ಅದರ ನೆಲೆಗೂ ಸರಿಪಡಿಸಲಾಗದ ಹಾನಿ ಆಗುತ್ತಿದೆ, ಒಟ್ಟಿಗೆ ಬಾಳುವ ಬೇರೆ ದಾರಿ ಇಲ್ಲ ಅಂತ ತಜ್ಞರ ಜೊತೆ ಸಮಾಲೋಚಿಸಿ ತೀರ್ಮಾನ ಆಗಿರಬೇಕು. ಗ್ರಾಮಸಭೆಯ ಒಪ್ಪಿಗೆ ಬೇಕು. ಹೋಗುವ ಜಾಗದಲ್ಲಿ ಸೌಲಭ್ಯ ತಯಾರಿರಬೇಕು. ಹೀಗಾಗಿ ಸಹಿ ಕೇಳಲು ಬಂದವರ ಹತ್ತಿರ ಈ ಕಾಗದಗಳನ್ನು ಕೇಳಿ: ಹಕ್ಕು ಗುರುತಿಸಿದ ಆದೇಶ, ತಜ್ಞರ ವರದಿ, ಗ್ರಾಮಸಭೆಯ ಠರಾವು, ಹೋಗುವ ಜಾಗದ ವಿವರ. ಪೂರ್ತಿ ಹಣ ತೆಗೆದುಕೊಳ್ಳುವುದು ಒಂದು ಆಯ್ಕೆ, ಇಲಾಖೆಯೇ ಜಾಗ, ಮನೆ ಕೊಡುವ ಪುನರ್ವಸತಿ ಇನ್ನೊಂದು. ಎರಡನ್ನೂ ವಿವರಿಸಲು ಹೇಳಿ. ಇರುತ್ತೇವೆ ಅನ್ನುವ ಮನೆಗಳಿಗೆ ಇರುವ ಹಕ್ಕೂ ಅಷ್ಟೇ ಗಟ್ಟಿ, ಅವರು ನಮೂನೆ ಸಿ ಹಾಕುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹಕ್ಕು ಸಿಕ್ಕ ಮೇಲೆ

ವೈಯಕ್ತಿಕ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಬರಬೇಕು. ಅದು ಮಕ್ಕಳಿಗೆ ಹೋಗುತ್ತದೆ, ಮಾರುವಂತಿಲ್ಲ. ಸಮುದಾಯ ಹಕ್ಕು ಬಂದರೆ ಕೆಲಸ ಶುರು ಅಂತಲೇ ಲೆಕ್ಕ. ಕಾಡು, ವನ್ಯಜೀವಿ, ನೀರಿನ ಮೂಲ ಕಾಯುವ ಅಧಿಕಾರ ಕಾಯ್ದೆಯ ಸೆಕ್ಷನ್ 5ರಲ್ಲಿ ಗ್ರಾಮಸಭೆಗೆ ಬರುತ್ತದೆ, ಜವಾಬ್ದಾರಿಯೂ ಬರುತ್ತದೆ. ಅದಕ್ಕೊಂದು ನಿರ್ವಹಣಾ ಸಮಿತಿ ಮಾಡಿ ಯೋಜನೆ ಬರೆಯಬೇಕು. ಕಿರು ಉತ್ಪನ್ನ ಸಾಗಿಸುವ ಪರ್ಮಿಟ್ ಕೊಡುವುದೂ ಗ್ರಾಮಸಭೆಯ ಸಮಿತಿಯೇ, ರಾಯಲ್ಟಿ ಶುಲ್ಕ ಯಾವುದೂ ಇಲ್ಲ.

ಉಪ್ಪಾಗೆ ಅನ್ನುವ ಕಾಡಿನ ಹುಳಿಹಣ್ಣಿನಿಂದ ಶುರು ಮಾಡಿ. ಹಣ್ಣು ಮಳೆಗಾಲದಲ್ಲಿ ಬಲಿಯುತ್ತದೆ. ಬೇರೆಯವರು ಮೊದಲು ಕೊಯ್ದಾರು ಅನ್ನುವ ಆತುರದಲ್ಲಿ ಕಾಯಿ ಇರುವಾಗಲೇ ಬಡಿದು ಕೆಡವುತ್ತಾರೆ, ಟೊಂಗೆಯನ್ನೇ ಕಡಿಯುತ್ತಾರೆ. ಬೀಜ ಬಲಿತಿರುವುದಿಲ್ಲ, ಸಸಿ ಏಳುವುದಿಲ್ಲ. ಒಣಗಿಸಲು ಸುಡುವ ಕಟ್ಟಿಗೆ ಬೇರೆ. ಕಾಡು ಯಾರದ್ದೂ ಅಲ್ಲ ಅನ್ನುವ ಸ್ಥಿತಿ ಇರುವವರೆಗೆ ಈ ಆತುರ ನಿಲ್ಲುವುದಿಲ್ಲ. ಊರಿನ ಸಭೆ ಕೊಯ್ಲಿನ ದಿನ ಗೊತ್ತು ಮಾಡಬಹುದು, ಹಣ್ಣಾಗಿ ಬಿದ್ದದ್ದನ್ನು ಮಾತ್ರ ಹೆಕ್ಕಬೇಕು ಅನ್ನಬಹುದು, ಪ್ರತಿ ಮರದಲ್ಲಿ ಇಷ್ಟು ಪಾಲು ಮಂಗನಿಗೆ, ಹಕ್ಕಿಗೆ ಬಿಡಬೇಕು ಅಂತ ಕಟ್ಟುಪಾಡು ಹಾಕಬಹುದು. ಕಡಿಮೆ ಕಟ್ಟಿಗೆ ತಿನ್ನುವ ಒಲೆಯನ್ನು ಊರಿಗೆಲ್ಲ ಒಂದೆರಡು ಕಟ್ಟಿಸಿ ಸರದಿ ಮೇಲೆ ಬಳಸಬಹುದು. ಸಿದ್ದಾಪುರ ಕಡೆಯ ರಾಮಪತ್ರೆ ಜಡ್ಡಿಗಳಲ್ಲಿ (ಜೌಗು ಕಾಡುಗಳಲ್ಲಿ) ಸಿಂಗಳೀಕಗಳಿವೆ. ಅಂಥ ಜಾಗಕ್ಕೆ ಪತ್ರೆ ಆರಿಸಲು ಹೋಗುವುದೇ ಬೇಡ ಅಂತಲೂ ಸಭೆ ತೀರ್ಮಾನ ಮಾಡಬಹುದು. ಈ ಕಟ್ಟುಪಾಡುಗಳನ್ನು ಮೇ ತಿಂಗಳ ಸಭೆಯಲ್ಲೇ ಬರೆದು, ಜೂನ್ ಮಳೆ ಬೀಳುವ ಮೊದಲು ಪಂಚಾಯತಿಯ ಮತ್ತು ಅಂಗಡಿಯಂಥ ಜನ ಸೇರುವ ಕಡೆಯ ಗೋಡೆಗೆ ಅಂಟಿಸಿ, ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.